ಮೈನಸ್ ವೈರ್ ಬಿಚ್ಚಿಟ್ಟು ಊರಿಗೆ ಹೊರಡಿ

ಮುಂಗಾರಿನ ಎರಡು ತಿಂಗಳು ವಾಲ್ಪಾರೈ ಎಸ್ಟೇಟಿನ ಶೆಡ್ಡಿನಲ್ಲೇ ನಿಲ್ಲುವ ನಿಮ್ಮ ಕಾರು, ನೀವು ಮೈಸೂರಿನಿಂದ ಮರಳಿದಾಗ ಟಿಕ್ ಟಿಕ್ ಎಂದು ಸುಮ್ಮನಾಗುತ್ತದೆ. ಅದು ಮಳೆಯ ತಪ್ಪಲ್ಲ, ಚಳಿಯದೂ ಅಲ್ಲ. ತಂಪಿನಲ್ಲಿ ಬ್ಯಾಟರಿ ತಾನಾಗಿ ಇಳಿಯುವುದು ಪೊಳ್ಳಾಚಿಯ ಬಿಸಿಲಿಗಿಂತ ನಿಧಾನವೇ. ಕಾರು ನಿಂತಿದ್ದರೂ ಗಡಿಯಾರ, ಅಲಾರಂ, ಸೆಂಟ್ರಲ್ ಲಾಕ್ ಕರೆಂಟ್ ತಿನ್ನುತ್ತಲೇ ಇರುತ್ತವೆ. ಬರೀ 30 ಮಿಲಿಆಂಪಿಯರ್ ಎಂದರೂ ತಿಂಗಳಿಗೆ 21 ಆಂಪಿಯರ್-ಅವರ್‌ಗಿಂತ ಹೆಚ್ಚು. ನಿಮ್ಮದು 35ರ ಬ್ಯಾಟರಿ. ಎರಡನೇ ತಿಂಗಳು ತುಂಬುವ ಮೊದಲೇ ಬರಿದು. ಹಾಗೆ ಖಾಲಿ ಬಿದ್ದರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಕಸುವು ಬರದು.

ಕಾವಲಿನವರಿಂದ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಸುವ ಯೋಚನೆ ಬಿಡಿ. ಅಷ್ಟರಲ್ಲಿ ಬ್ಯಾಟರಿ ತುಂಬುವುದಿಲ್ಲ, ಸೈಲೆನ್ಸರಿನಲ್ಲಿ ನೀರು ನಿಂತು ತುಕ್ಕು ಬೇರೆ. ಓಡಿಸಿದರೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಬೇಕು. ಅದಕ್ಕೆಂದು ಮಳೆಯಲ್ಲಿ ಯಾರನ್ನೂ ಆಳಿಯಾರಿನ 40 ಹೇರ್‌ಪಿನ್ ತಿರುವುಗಳಿಗೆ ಕಳಿಸಬೇಡಿ ಮಾರಾಯರೇ!

ಹೊರಡುವ ದಿನ ಗಾಜು ಏರಿಸಿ, 10ರ ಸ್ಪ್ಯಾನರಿನಲ್ಲಿ ಕಪ್ಪು ವೈರಿನ ಮೈನಸ್ ಟರ್ಮಿನಲ್ ಬಿಚ್ಚಿ, ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ. ಪ್ಲಸ್ ಮುಟ್ಟಬೇಡಿ. ರಿಮೋಟ್ ಕೆಲಸ ಮಾಡದು, ಬಾಗಿಲಿಗೆ ಕೀಲಿಯಿಂದಲೇ ಬೀಗ. ಬಂದ ಮೇಲೆ ಗಡಿಯಾರ, ರೇಡಿಯೋ ಹೊಸದಾಗಿ ಹೊಂದಿಸಬೇಕಾದೀತು, ಅಷ್ಟೇ.

ಒಂದು ಮಾತು: ಹಿಂದಿನ ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿಯೇ ಹೊರಡಿ.