ಆಘಾತದ ನಂತರ ಕೃತಜ್ಞತೆಯ ಡೈರಿ: ಬರೆಯುವುದು ಹೇಗೆ?

ಅಪಘಾತದಲ್ಲಿ ಕಾಲು ಮುರಿದುಕೊಂಡು ಮಲಗಿದವರನ್ನು ನೋಡಲು ಬಂದ ನೆಂಟರು ಸಾಮಾನ್ಯವಾಗಿ ಹೇಳುವ ಮಾತಿದು: ‘ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು. ಜೀವ ಉಳಿಯಿತಲ್ಲ, ದೇವರಿಗೆ ಕೈಮುಗಿ.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಲಾರಿಯ ಬ್ರೇಕ್ ಸದ್ದಿಗೇ ನಡುರಾತ್ರಿ ಬೆಚ್ಚಿ ಏಳುವವರಿಗೆ ಅದು ‘ಇನ್ನು ಗೋಳು ಸಾಕು’ ಎಂದಂತೆ ಕೇಳಿಸುತ್ತದೆ.

ಕೃತಜ್ಞತೆಯಿಂದ ಲಾಭವಿರುವುದು ನಿಜ. ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಜ್ಞರಾಗಿರಬೇಕಾದ ಸಂಗತಿಗಳನ್ನು ವಾರಕ್ಕೊಮ್ಮೆ ಬರೆದವರು ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ಹೆಚ್ಚು ಸಮಾಧಾನದಿಂದಿದ್ದರು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಕುರಿತ 2006ರ ಅಧ್ಯಯನವೂ, ಆಘಾತದಿಂದ ನರಳುತ್ತಿದ್ದವರಲ್ಲಿ ಕೃತಜ್ಞತೆಯ ಗುಣ ಹೆಚ್ಚಿದ್ದಷ್ಟೂ ದಿನನಿತ್ಯದ ನೆಮ್ಮದಿ ಹೆಚ್ಚು ಎಂದು ಕಂಡಿತು. ಇದರಿಂದಲೇ ಕಾಯಿಲೆ ವಾಸಿಯಾಗುತ್ತದೆ ಎಂದು ಮಾತ್ರ ಎರಡೂ ಹೇಳಿಲ್ಲ. ಹಾಗಾಗಿ ಆಘಾತದ ನಂತರ ಕೃತಜ್ಞತೆಯ ಡೈರಿ ಬರೆಯುವವರಿಗೆ ಈ ಐದು ಮಾತು ನೆನಪಿರಲಿ.

ಒಂದು: ನಿದ್ದೆ, ಊಟ, ಸುರಕ್ಷಿತ ಜಾಗ ಮೊದಲು. ಇವು ಹಳಿಗೆ ಬರುವವರೆಗೆ ಡೈರಿ ಬೇಡ.

ಎರಡು: ವಾರಕ್ಕೊಮ್ಮೆ ಸಾಕು. ಮನೋವಿಜ್ಞಾನಿ ಸೋನ್ಯಾ ಲ್ಯುಬೊಮಿರ್‌ಸ್ಕಿ ಅವರ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಆದ ಪ್ರಯೋಜನ ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ.

ಮೂರು: ಕಣ್ಣಿಗೆ ಕಟ್ಟುವಂತೆ ಬರೆಯಿರಿ. ‘ಎಲ್ಲರಿಗೂ ಧನ್ಯವಾದ’ ಎಂಬ ಸಾಲಿನಿಂದ ಏನೂ ಆಗದು. ‘ಪಕ್ಕದ ಮನೆಯ ಅಕ್ಕ ಸ್ಟೀಲ್ ಡಬ್ಬಿಯಲ್ಲಿ ಬಿಸಿ ಉಪ್ಪಿಟ್ಟು ತಂದರು, ಅಪಘಾತ ಹೇಗಾಯ್ತು ಎಂದು ಒಂದು ಮಾತೂ ಕೇಳದೆ ಹೋದರು’ ಎನ್ನುವ ಸಾಲು ಕೆಲಸ ಮಾಡುತ್ತದೆ.

ನಾಲ್ಕು: ಬಹಳ ಮಂದಿ ಎಡವುವುದು ಇಲ್ಲೇ. ನೋವಿಗೆ, ನೋವು ಕೊಟ್ಟವರಿಗೆ ಕೃತಜ್ಞತೆ ಸಲ್ಲಿಸಬೇಕಿಲ್ಲ. ಹೊಡೆಯುವ ಗಂಡನನ್ನು ಬಿಟ್ಟು ಬಂದ ಹೆಣ್ಣುಮಗಳಿಗೆ ‘ಅವನೂ ಒಳ್ಳೆಯದು ಮಾಡಿದ್ದಾನಲ್ಲ, ಅದನ್ನೂ ಬರಿ’ ಎಂದು ಬುದ್ಧಿ ಹೇಳುವವರಿದ್ದಾರೆ. ಆ ಸಲಹೆ ಅವಳನ್ನು ಮತ್ತೆ ಅದೇ ಹೊಸ್ತಿಲಿಗೆ ತಳ್ಳುತ್ತದೆ. ‘ನನಗಿಂತ ಕಷ್ಟದಲ್ಲಿರುವವರಿದ್ದಾರೆ’ ಎಂಬ ಹೋಲಿಕೆಯೂ ಬೇಡ. ಅದರಿಂದ ಹುಟ್ಟುವುದು ತಪ್ಪಿತಸ್ಥ ಭಾವ. ಸಿಟ್ಟು ಬಂದರೆ ಅದೇ ಪುಟದಲ್ಲಿ ಸಿಟ್ಟನ್ನೂ ಬರೆಯಿರಿ. ಏನೂ ಹೊಳೆಯದ ವಾರ ಪುಟ ಖಾಲಿ ಇರಲಿ. ಮನೆಯವರು ಡೈರಿ ತೆಗೆದು ಓದುವುದು, ‘ಬರೆದೆಯಾ?’ ಎಂದು ಪೀಡಿಸುವುದು ಎರಡೂ ತಪ್ಪು.

ಐದು: ನೆರವಾದವರಿಗೆ ಪತ್ರ ಬರೆಯಬಹುದು, ಕಳಿಸಲೇಬೇಕೆಂದಿಲ್ಲ. ಅಮೆರಿಕದಲ್ಲಿ ಆಪ್ತಸಮಾಲೋಚನೆಗೆ ಬಂದಿದ್ದ ಸುಮಾರು 300 ಜನರ ಅಧ್ಯಯನದಲ್ಲಿ ಇಂಥ ಪತ್ರ ಬರೆದವರ ಮಾನಸಿಕ ಸ್ಥಿತಿ 12 ವಾರಗಳ ನಂತರವೂ ಉಳಿದವರಿಗಿಂತ ಉತ್ತಮವಾಗಿತ್ತು. ಅವರಲ್ಲಿ ಹೆಚ್ಚಿನವರು ಪತ್ರ ಕಳಿಸಿರಲಿಲ್ಲ. ಅವರು ಚಿಕಿತ್ಸೆಯ ಜೊತೆಗೆ ಬರೆದರು, ಅದರ ಬದಲಿಗೆ ಅಲ್ಲ.

ಬರೆಯುವಾಗ ಘಟನೆ ಕಣ್ಣಮುಂದೆ ಬಂದರೆ ಪೆನ್ನು ಕೆಳಗಿಡಿ. ತಿಂಗಳು ದಾಟಿದರೂ ದುಃಸ್ವಪ್ನ, ಭಯ ತಗ್ಗದಿದ್ದರೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.