ಎದುರಿಗೆ ಕೂತವರಿಗಾಗಿ ಕಟ್ಟುವ ಡೆಕ್

ಒಬ್ಬರೇ ಆಡಲು ಕಟ್ಟಿದ ಕಾರ್ಡುಗಳ ಡೆಕ್ ಎಷ್ಟೇ ಗಟ್ಟಿಯಾಗಿರಲಿ, ನಾಲ್ವರು ಕೂತ ಮೇಜಿಗೆ ಒಗ್ಗುವುದಿಲ್ಲ. ಕಾರ್ಗಲ್‌ನ ಮಳೆಗಾಲದಲ್ಲಿ ಮನೆಮಂದಿಯೊಂದಿಗೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾರ್ಡ್ ಆಟ ಆಡುತ್ತ ಆಡುತ್ತ ನನಗೆ ಮನದಟ್ಟಾದದ್ದು ಇದು. 2011ರಲ್ಲಿ ಬಂದ, ನೇಟ್ ಫ್ರೆಂಚ್ ರೂಪಿಸಿದ ಈ ಆಟದಲ್ಲಿ ಯಾರೂ ಯಾರಿಗೂ ಎದುರಾಳಿಯಲ್ಲ. ಶತ್ರುಗಳು, ಅಪಾಯಗಳು ಬೇರೊಂದು ಕಟ್ಟಿನಿಂದ ಬರುತ್ತವೆ. ಗೆದ್ದರೆ ಎಲ್ಲರೂ ಗೆದ್ದಂತೆ.

ಪ್ರತಿ ಸುತ್ತಿನಲ್ಲೂ ಆಟಗಾರರು ಎಷ್ಟು ಮಂದಿಯೋ ಅಷ್ಟು ಅಪಾಯದ ಕಾರ್ಡು ತೆರೆಯುತ್ತವೆ. ಜನ ಹೆಚ್ಚಿದಂತೆ ಕಷ್ಟವೂ ಹೆಚ್ಚು. ಹಾಗಾಗಿ ದಾರಿ ಸಾಗಿಸುವುದು, ಪೆಟ್ಟು ತಡೆಯುವುದು, ಹೊಡೆಯುವುದು ಎಲ್ಲವನ್ನೂ ಒಂದೇ ಡೆಕ್‌ಗೆ ತುರುಕಿದರೆ ಯಾವುದೂ ಸಾಲುವುದಿಲ್ಲ.

ಈ ಆಟದ ಸಾಹಸಗಳಲ್ಲೊಂದಾದ ಆಂಡುಯಿನ್ ನದಿಯ ಪಯಣವನ್ನೇ ನೋಡಿ. ಶುರುವಿನಲ್ಲೇ ಹಿಲ್ ಟ್ರೋಲ್ ಬಂದು ನಿಲ್ಲುತ್ತದೆ: ದಾಳಿ 6, ಪ್ರಾಣ 9. ಬೆದರಿಕೆ ಅಂಕ 30 ಮುಟ್ಟಿದವರ ಮೇಲೆ ಅದು ಬೀಳುತ್ತದೆ. ಆರಂಭದಲ್ಲಿ ಈ ಅಂಕ ಅವರವರ ಹೀರೋಗಳ ಅಂಕಗಳ ಮೊತ್ತ. ನನ್ನ ಲೆಗೊಲಸ್, ಗಿಮ್ಲಿ, ಥಾಲಿನ್ ಸೇರಿ 29. ಅತ್ತಿಗೆಯ ಎಯೋವಿನ್, ಎಲೆನಾರ್, ಡುನ್‌ಹೇರ್ ಸೇರಿ 24. ಸುತ್ತು ಮುಗಿದಾಗ ಎಲ್ಲರಿಗೂ ಒಂದೊಂದು ಅಂಕ ಏರುತ್ತದೆ. ನನ್ನದು 30 ಆಗಿ, ಟ್ರೋಲ್ ನೇರ ನನ್ನ ಹತ್ತಿರ ಬರುತ್ತದೆ. “ಅದು ನಿನ್ನ ಪಾಲು, ದಾರಿ ನನ್ನ ಪಾಲು” ಅನ್ನುತ್ತಾರೆ ಅತ್ತಿಗೆ. ನಾನು ‘ಫೇಂಟ್’ ಕಾರ್ಡು ಹಾಕಿ ಅದರ ಪೆಟ್ಟು ತಡೆದರೆ, ಅವರು ನೆಮ್ಮದಿಯಿಂದ ಎಯೋವಿನ್‌ಳನ್ನು ಪಯಣಕ್ಕೆ ಕಳಿಸುತ್ತಾರೆ. ಅಂಕದ ಈ ಅಂತರ ಡೆಕ್ ಕಟ್ಟುವಾಗಲೇ ಬೇಕೆಂದು ಇಟ್ಟದ್ದು.

ಪಕ್ಕದವರ ಅಂಗಳಕ್ಕೂ ಕೈ ಚಾಚುವ ಕಾರ್ಡುಗಳೇ ಇಲ್ಲಿ ಬಂಗಾರ. ‘ರೇಂಜ್ಡ್’ ಇರುವ ಲೆಗೊಲಸ್ ಬೇರೆಯವರ ಮೇಲೆ ಬಿದ್ದ ಶತ್ರುವಿಗೂ ಬಾಣ ಬಿಡಬಲ್ಲ. ‘ಸೆಂಟಿನೆಲ್’ ಇರುವ ಅರಗಾರ್ನ್ ಬೇರೆಯವರ ಪೆಟ್ಟಿಗೂ ಎದೆಯೊಡ್ಡಬಲ್ಲ. ಸಂಪನ್ಮೂಲ ತಂದುಕೊಡುವ ‘ಸ್ಟೂವರ್ಡ್ ಆಫ್ ಗೊಂಡೋರ್’ ಮೇಜಿನ ಮೇಲೆ ಒಂದೇ ಇರಬಹುದು. ಅದನ್ನು ತಂದವರು ತಮ್ಮ ಹೀರೋಗೇ ಹಾಕಬೇಕೆಂದಿಲ್ಲ, ಸಂಪನ್ಮೂಲದ ಬರ ಯಾರಿಗಿದೆಯೋ ಅವರಿಗೆ ಕೊಟ್ಟರೆ ಇಡೀ ಮೇಜು ಚೇತರಿಸಿಕೊಳ್ಳುತ್ತದೆ. ನಮ್ಮ ಕಡೆಯ ಇಪ್ಪತ್ತೆಂಟರ ಇಸ್ಪೀಟಾಟದಲ್ಲಿ ಜೋಡಿಯ ಕೈ ಬಲವಾಗಿದ್ದಾಗ ನಮ್ಮ ಗುಲಾಮನನ್ನು ಅವರ ಪಟ್ಟಿಗೆ ಬಿಟ್ಟುಕೊಡುತ್ತೇವಲ್ಲ, ಹಾಗೆ.

ಈಗ ಯಾರು ಯಾವ ಹೀರೋ ಹಿಡಿಯುತ್ತಾರೆಂದು ಕೇಳದೆ ನಾನು ಒಂದು ಕಾರ್ಡನ್ನೂ ಆರಿಸುವುದಿಲ್ಲ. ಮುಂದಿನ ಆಟಕ್ಕೆ ಅಣ್ಣ ಬೆರವೋರ್ ಹಿಡಿಯುತ್ತಾನಂತೆ. ಅವಳು ಸುತ್ತಿಗೊಮ್ಮೆ ಬೇಕಾದವರಿಗೆ ಎರಡು ಕಾರ್ಡು ಕೊಡಬಲ್ಲಳು. ಕಾರ್ಡು ಎಳೆಯಲೆಂದು ಇಟ್ಟಿದ್ದ ಜಾಗ ನನ್ನ ಡೆಕ್‌ನಲ್ಲಿ ಖಾಲಿಯಾಯಿತು. ಅಲ್ಲಿಗೆ ಗೊಂಡೋರಿನ ಈಟಿಗಾರರನ್ನು ಸೇರಿಸಿದ್ದೇನೆ, ಅವರೂ ಸೆಂಟಿನೆಲ್‌ಗಳೇ.