ಭಯೋತ್ಪಾದನೆ ಎಂದರೇನು?

ವೃತ್ತಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ಈ ಮಾತಿನ ಅರ್ಥವನ್ನು ಈ ಪಾಠದಲ್ಲಿ ವಿಚಾರಿಸೋಣ.

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಕಳ್ಳನು ಹಣದ ಪೆಟ್ಟಿಗೆಯನ್ನು ಒಡೆದನೆಂದು ಎಣಿಸಿರಿ. ಅವನ ಕೃತ್ಯವು ಯಾರಿಗೂ ತಿಳಿಯದಿದ್ದರೆ ಅವನಿಗೆ ಸಂತೋಷವೇ. ಭಯೋತ್ಪಾದಕನಾದರೋ, ಅಲ್ಲಿ ಒಬ್ಬನನ್ನು ಕೊಂದು, ಆ ಸುದ್ದಿಯನ್ನು ಕೇಳಿದ ಮೊಳಕಾಲ್ಮುರಿನ ನೇಕಾರನೂ ಮಗ್ಗವನ್ನು ಬಿಟ್ಟು ಬಾಗಿಲಿಕ್ಕಿಕೊಳ್ಳಬೇಕೆಂದು ಬಯಸುತ್ತಾನೆ. ರಾಜಕೀಯದ ಇಲ್ಲವೆ ಧರ್ಮದ ಉದ್ದೇಶಕ್ಕಾಗಿ ಕೆಲವರನ್ನು ಹಿಂಸಿಸಿ ಬಹುಜನರನ್ನು ಹೆದರಿಸುವುದೇ ಭಯೋತ್ಪಾದನೆಯೆಂದು ನಾವು ಹೇಳುತ್ತೇವೆ. ಎಲ್ಲಾ ದೇಶಗಳೂ ಒಪ್ಪಿದ ಅರ್ಥವಿವರಣೆಯು ಇಂದಿಗೂ ಇಲ್ಲ. ತಮ್ಮ ಪಕ್ಷದವನು ಮಾಡಿದರೆ ಅದಕ್ಕೆ ಬೇರೆ ಹೆಸರಿಡುವವರು ಎಲ್ಲೆಲ್ಲಿಯೂ ಇದ್ದಾರೆ. ಈ ಹೆಸರು ಮೊದಲು ಬಿದ್ದದ್ದಾದರೋ ಒಂದು ಸರಕಾರಕ್ಕೇ. 1793-94ರಲ್ಲಿ ಫ್ರಾನ್ಸ್ ದೇಶದ ಕ್ರಾಂತಿಕಾರಿ ಸರಕಾರವು ಸಾವಿರಾರು ಮಂದಿಯ ಶಿರಚ್ಛೇದ ಮಾಡಿಸಿ ಪ್ರಜೆಗಳನ್ನು ನಡುಗಿಸಿತು.

ಇದಕ್ಕೆ ಪ್ರೇರಣೆ ಯಾವುದು? ಕೆಲವೆಡೆ ಸೇಡು. 2005ನೆಯ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲರ ಮುಖಂಡನಾದ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತನು. ಕೆಲವೇ ದಿನಗಳಲ್ಲಿ ನಕ್ಸಲರು, ನಮ್ಮ ನೆರೆಯ ಪಾವಗಡ ಸೀಮೆಯ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಪೊಲೀಸರ ಮೇಲೆ ರಾತ್ರಿಯಲ್ಲಿ ಬಿದ್ದು ಹಲವರನ್ನು ಕೊಂದರು. ಬಡವರ ಸಂಕಟವು ಸುಳ್ಳಲ್ಲ. ಬರಗಾಲದ ನಾಡಿನವರಾದ ನಮಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ರಾತ್ರಿ ಯಾವ ಬಡವನಿಗೂ ಒಂದು ಗುಂಟೆ ಭೂಮಿ ಸಿಕ್ಕಲಿಲ್ಲ.

ಇನ್ನೊಂದು ಬಗೆಯು ಇದಕ್ಕಿಂತಲೂ ಕುಟಿಲವಾದದ್ದು. 2000ನೆಯ ಇಸವಿಯ ಜೂನ್ ಜುಲೈ ತಿಂಗಳುಗಳಲ್ಲಿ ವಾಡಿ, ಹುಬ್ಬಳ್ಳಿ, ಬೆಂಗಳೂರುಗಳ ಕ್ರೈಸ್ತ ದೇವಾಲಯಗಳಲ್ಲಿ ಬಾಂಬುಗಳು ಸಿಡಿದವು. ಹುಬ್ಬಳ್ಳಿಯದು ಲುಥರನ್ ಸಭೆಯ ದೇವಾಲಯವು. ಆಗ ಕ್ರೈಸ್ತರಲ್ಲಿ ಅನೇಕರು ಹಿಂದೂಗಳನ್ನು ಸಂದೇಹಿಸಿದರು. ಜುಲೈ 9ರಂದು ಬೆಂಗಳೂರಿನಲ್ಲಿ ಬಾಂಬುಗಳನ್ನು ಸಾಗಿಸುತ್ತಿದ್ದ ವ್ಯಾನು ತಾನೇ ಸಿಡಿದು, ಅದರಲ್ಲಿದ್ದ ಇಬ್ಬರು ಸತ್ತರು. ಆ ಜಾಡು ಹಿಡಿದು ಹೋದ ಪೊಲೀಸರಿಗೆ ದೀನ್‌ದಾರ್ ಅಂಜುಮನ್ ಎಂಬ ಪಂಥದ ಕೆಲವರು ಸಿಕ್ಕಿದರು. ಹಿಂದೂಗಳಿಗೂ ಕ್ರೈಸ್ತರಿಗೂ ವೈರ ಹುಟ್ಟಿಸುವುದೇ ಅವರ ಹಂಚಿಕೆಯಾಗಿತ್ತೆಂದು ತನಿಖೆಯಿಂದ ಹೊರಬಿತ್ತು. 2001ರಲ್ಲಿ ಸರಕಾರವು ಆ ಪಂಥವನ್ನು ನಿಷೇಧಿಸಿತು. 2008ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು.

ಬಾಂಬು ಕೆಡಿಸಿದ ಗೋಡೆಯನ್ನು ಗಾರೆಯವನು ವಾರದಲ್ಲಿ ಸರಿಮಾಡಿಯಾನು. ಆದರೆ ಒಂದೇ ಬಾವಿಯ ನೀರು ಸೇದುವ ನೆರೆಯವನನ್ನು ಓರೆಗಣ್ಣಿನಿಂದ ನೋಡಿದೆವಲ್ಲಾ, ಆ ಬಾಂಬನ್ನು ಇಟ್ಟದ್ದು ಅದಕ್ಕಾಗಿಯೇ. ನಿಜವು ತಿಳಿದ ಮೇಲೆಯೂ ನಮ್ಮಲ್ಲಿ ಕೆಲವರ ಸಂದೇಹವು ಅಳಿಯದೆ, ಹಿಂದೂಗಳನ್ನು ಬಿಟ್ಟು ಊರಿನ ಮುಸಲ್ಮಾನರೆಲ್ಲರ ಮೇಲೆ ಹೊರಳಿತು. ಆ ಪಂಥವನ್ನು ತಮ್ಮದೆಂದು ಒಪ್ಪದ ಮುಸಲ್ಮಾನರು ಬಹುಮಂದಿ ಇದ್ದಾರೆಂಬುದನ್ನು ಇವರು ವಿಚಾರಿಸಲೇ ಇಲ್ಲ.